ಹಂಗಿಲ್ಲದ ಸೌಜನ್ಯ

ಪರಿಚಿತರ ನಡುವಿನ ಸೌಜನ್ಯಕ್ಕೆ ಹಿಂದುಮುಂದು ಎರಡೂ ಇರುತ್ತವೆ. ನಿನ್ನೆ ಅವರು ನಮಗೆ ಮಾಡಿದ ಉಪಕಾರ, ನಾಳೆ ನಮಗೆ ಅವರಿಂದ ಆಗಬೇಕಾದ ಕೆಲಸ, ನಡುವೆ ಇರುವ ನಂಟು, ಸಲುಗೆ, ದಾಕ್ಷಿಣ್ಯ ಇವೆಲ್ಲವೂ ಸೇರಿ ನಮ್ಮ ಮಾತನ್ನೂ ಮುಖಭಾವವನ್ನೂ ತಿದ್ದುತ್ತಿರುತ್ತವೆ. ಅಪರಿಚಿತರ ಮಟ್ಟಿಗೆ ಇದಾವುದೂ ಇಲ್ಲ. ಮೆಟ್ಟಿಲಿನ ತಿರುವಿನಲ್ಲಿ ಎದುರಾಗಿ ನಮಗೆ ದಾರಿ ಬಿಟ್ಟು ನಿಂತವರನ್ನು ನಾವು ಮತ್ತೆ ನೋಡುವ ಸಂಭವ ಬಹಳ ಕಡಿಮೆ. ನೋಡಿದರೂ ಗುರುತು ಹಿಡಿಯಲಾರೆವು. ಅವರು ನಮ್ಮ ಬಗ್ಗೆ ಒಳ್ಳೆಯದಾಗಿ ಯೋಚಿಸಿದರೂ ಕೆಟ್ಟದ್ದಾಗಿ ಯೋಚಿಸಿದರೂ ಅದರಿಂದ ನಮಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಹೀಗಿದ್ದೂ ಜನ ದಾರಿ ಬಿಡುತ್ತಾರೆ, ಬಿದ್ದ ಕೈಚೀಲ ಎತ್ತಿಕೊಡುತ್ತಾರೆ, ವಿಳಾಸ ಕೇಳಿದವರ ಜೊತೆ ಹತ್ತು ಹೆಜ್ಜೆ ನಡೆದು ತಿರುವು ತೋರಿಸಿ ಬರುತ್ತಾರೆ. ಈ ಸಣ್ಣ ನಡವಳಿಕೆಗಳ ಬಗ್ಗೆ ನಾನು ಬಹಳ ಕಾಲದಿಂದ ಯೋಚಿಸುತ್ತ ಬಂದಿದ್ದೇನೆ. ಅಪರಿಚಿತರಿಗೆ ತೋರುವ ಸೌಜನ್ಯದ ತಿರುಳು ನಮ್ಮ ನಗುವಿನಲ್ಲಾಗಲಿ ಸವಿಮಾತಿನಲ್ಲಾಗಲಿ ಇಲ್ಲ, ಎದುರಿಗಿರುವವರನ್ನು ಹಂಗಿಗೆ ಒಳಪಡಿಸದೆ ಇರುವುದರಲ್ಲಿದೆ ಎಂಬುದು ಈಗ ನನಗೆ ಬಂದಿರುವ ನಂಬಿಕೆ. ನಮ್ಮಿಂದ ಬೀಳ್ಕೊಂಡ ಮೇಲೆ ಅವರ ಮನಸ್ಸಿಗೆ ಯಾವ ಭಾರವೂ ಉಳಿಯಬಾರದು.

ಈ ಸೌಜನ್ಯದ ಮೊದಲ ರೂಪ ಕಣ್ಣಿನದು. ನಾಲ್ಕೈದು ಜನ ಇರುವ ಲಿಫ್ಟಿನ ಒಳಗೆ ಕಾಲಿಡುವಾಗ ಏನಾಗುತ್ತದೆ ಎಂಬುದನ್ನು ಗಮನಿಸಿ ನೋಡಿ. ಒಳಗಿದ್ದವರು ಒಮ್ಮೆ ನಮ್ಮತ್ತ ಕಣ್ಣು ಹಾಯಿಸುತ್ತಾರೆ, ಒಂದಿಷ್ಟು ಸರಿದು ಜಾಗ ಮಾಡುತ್ತಾರೆ, ಮರುಕ್ಷಣವೇ ನೋಟವನ್ನು ಬಾಗಿಲಿನ ಮೇಲಿನ ಅಂಕಿಗಳತ್ತಲೋ ತಮ್ಮ ಪಾದಗಳತ್ತಲೋ ತಿರುಗಿಸುತ್ತಾರೆ. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1963ರಲ್ಲಿ ಈ ವರ್ತನೆಯನ್ನು ವಿವರಿಸಿ, ಇದಕ್ಕೆ 'ಸಭ್ಯ ಅಲಕ್ಷ್ಯ' ಎನ್ನಬಹುದಾದ ಹೆಸರೊಂದನ್ನು ಕೊಟ್ಟರು. ಇದರಲ್ಲಿ ಎರಡು ಭಾಗಗಳಿವೆ. ನೀವು ಇಲ್ಲಿರುವುದನ್ನು ನಾನು ಕಂಡಿದ್ದೇನೆ ಎಂದು ತಿಳಿಸುವುದು ಒಂದು. ನಿಮ್ಮ ಬಗ್ಗೆ ನನಗೆ ಭಯವಾಗಲಿ ಕೆಟ್ಟ ಕುತೂಹಲವಾಗಲಿ ಇಲ್ಲ ಎಂದು ನೋಟವನ್ನು ಹಿಂದಕ್ಕೆ ತೆಗೆದುಕೊಂಡು ತೋರಿಸುವುದು ಇನ್ನೊಂದು. ಎರಡರಲ್ಲಿ ಯಾವುದು ತಪ್ಪಿದರೂ ನೋವಾಗುತ್ತದೆ. ದಿಟ್ಟಿಸಿ ನೋಡಿದರೆ ಮನುಷ್ಯ ಪ್ರದರ್ಶನದ ವಸ್ತುವಾಗುತ್ತಾನೆ, ಪೂರ್ತಿ ನೋಡದೆ ಹೋದರೆ ಇಲ್ಲವೇ ಇಲ್ಲದವನಾಗುತ್ತಾನೆ. ದೇಹದಲ್ಲಿ ಎದ್ದು ಕಾಣುವ ನ್ಯೂನತೆ ಇರುವವರು ಪ್ರತಿದಿನ ಈ ಎರಡು ಅನುಭವಗಳ ನಡುವೆಯೇ ಓಡಾಡಬೇಕಾಗುತ್ತದೆ. ಕೆಲವರು ಬಿಟ್ಟ ಕಣ್ಣು ಬಿಟ್ಟಹಾಗೆ ನೋಡುತ್ತಾರೆ, ಉಳಿದವರು ನೋಡಿಬಿಟ್ಟೇನೋ ಎಂಬ ಅಂಜಿಕೆಯಿಂದ ಮುಖ ತಿರುಗಿಸಿಕೊಳ್ಳುತ್ತಾರೆ. ಎಲ್ಲರನ್ನೂ ನೋಡುವ ಹಾಗೆ ತಮ್ಮನ್ನೂ ಒಮ್ಮೆ ನೋಡಿ ಸುಮ್ಮನಾಗುವವರು ಅವರಿಗೆ ಸಿಗುವುದು ಅಪರೂಪ.

ದೇಹಗಳ ನಡುವಿನ ಅಂತರದ ಲೆಕ್ಕವೂ ಇದಕ್ಕೆ ಸೇರಿದ್ದೇ. ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ ತಮ್ಮ ದೇಶದವರನ್ನು ಗಮನಿಸಿ 1966ರಲ್ಲಿ ಗುರುತಿಸಿದಂತೆ, ಸುಮಾರು 45 ಸೆಂಟಿಮೀಟರಿನ ಒಳಗಿನ ವಲಯ ತೀರಾ ಆಪ್ತರಿಗೆ ಮಾತ್ರ ಮೀಸಲು, 1.2 ಮೀಟರಿನವರೆಗಿನದು ಪರಿಚಿತರದು. ಅಳತೆ ಸಮಾಜದಿಂದ ಸಮಾಜಕ್ಕೆ ಬದಲಾಗುತ್ತದೆ, ಆದರೆ ಅಂಥದೊಂದು ಗಡಿ ಎಲ್ಲರಿಗೂ ಇದೆ. ಕಿಕ್ಕಿರಿದ ಬಸ್ಸು, ರೈಲುಗಳಲ್ಲಿ ಈ ಗಡಿ ಅಳಿಸಿಹೋಗುತ್ತದೆ. ಅಪರಿಚಿತರ ಭುಜ ನಮ್ಮ ಭುಜಕ್ಕೆ ಒತ್ತಿಕೊಂಡಿರುತ್ತದೆ. ಅಲ್ಲಿ ದೂರವನ್ನು ಬೇರೆ ರೀತಿಯಲ್ಲಿ ಉಳಿಸಿಕೊಳ್ಳಬೇಕು. ಬೆನ್ನಿನ ಚೀಲವನ್ನು ಇಳಿಸಿ ಎದೆಗೆ ಹಿಡಿದುಕೊಳ್ಳುವುದು, ಕೈಗಳು ಎಲ್ಲರಿಗೂ ಕಾಣುವಂತೆ ಮೇಲಿನ ಕಂಬಿ ಹಿಡಿದು ನಿಲ್ಲುವುದು, ಪಕ್ಕದವರ ಮೊಬೈಲಿನ ಪರದೆ ಕಣ್ಣೆದುರೇ ಇದ್ದರೂ ಓದದೆ ಇರುವುದು ಇವೆಲ್ಲ ಆ ಪ್ರಯತ್ನಗಳೇ.

ನೋಡದೆ ಇರುವುದು ಉಪಕಾರವೂ ಆಗಬಲ್ಲದು ಎಂಬುದನ್ನು ನಾನು ಕಂಡದ್ದು ಆಸ್ಪತ್ರೆಯೊಂದರ ಕಾಯುವ ಕೋಣೆಯಲ್ಲಿ. ವೈದ್ಯರ ಕೊಠಡಿಯಿಂದ ಹೊರಬಂದ ಒಬ್ಬ ಯುವಕ ಕೈಯಲ್ಲಿದ್ದ ವರದಿಯ ಲಕೋಟೆಯನ್ನು ಮಡಿಲಿನ ಮೇಲಿಟ್ಟುಕೊಂಡು ಕುಳಿತ, ಕೊಂಚ ಹೊತ್ತಿಗೆ ಅವನ ಹೆಗಲು ಅದುರತೊಡಗಿತು. ಎದುರು ಸಾಲಿನಲ್ಲಿ ಕುಳಿತಿದ್ದ ನಾವೆಲ್ಲ ಅದನ್ನು ಕಂಡೆವು. ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ. ಅವನಿಂದ ಒಂದು ಕುರ್ಚಿ ಆಚೆಗಿದ್ದ ನಡುವಯಸ್ಸಿನ ಹೆಂಗಸು ತಮ್ಮ ನೀರಿನ ಬಾಟಲಿಯನ್ನು ನಡುವಿನ ಖಾಲಿ ಕುರ್ಚಿಯ ಮೇಲೆ, ಅವನ ಕೈಗೆ ಎಟಕುವಂತೆ ಇಟ್ಟರು. ಆಮೇಲೆ ಎದ್ದು ಅವನಿಗೂ ನಮ್ಮ ಸಾಲಿಗೂ ನಡುವೆ ಬರುವಂತೆ ನಿಂತು, ಕೈಯಲ್ಲಿದ್ದ ದಿನಪತ್ರಿಕೆಯನ್ನು ಅಗಲವಾಗಿ ಬಿಡಿಸಿ ನಿಂತುಕೊಂಡೇ ಓದತೊಡಗಿದರು. ನಮಗೆ ಅವನ ಮುಖ ಕಾಣದಂತಾಯಿತು. ಅವರು ಅವನತ್ತ ತಿರುಗಲಿಲ್ಲ, ಏನಾಯಿತು ಎಂದು ಕೇಳಲಿಲ್ಲ, ಬೆನ್ನು ಸವರಲಿಲ್ಲ. ತುಸು ಹೊತ್ತಿನ ನಂತರ ಅವನು ಮುಖ ಒರೆಸಿಕೊಂಡು, ನೀರು ಕುಡಿದು, ಔಷಧಿ ಕೊಡುವುದು ಯಾವ ಕಡೆ ಎಂದು ಅವರನ್ನು ಕೇಳಿದ. ಅವರು ಕೈ ತೋರಿಸಿ ಹೇಳಿದರು, ಅಷ್ಟನ್ನೇ ಹೇಳಿದರು. ಅವನು ಹೋದ ಮೇಲೆ ಬಾಟಲಿ ತೆಗೆದುಕೊಂಡು ಮತ್ತೆ ತಮ್ಮ ಜಾಗದಲ್ಲಿ ಕುಳಿತರು.

ಸಾಂತ್ವನ ಹೇಳುವುದು ಅವರಿಗೆ ಬರುತ್ತಿರಲಿಲ್ಲವೆಂದು ನನಗೆ ಅನ್ನಿಸಲಿಲ್ಲ. ಆ ಹೊತ್ತಿನಲ್ಲಿ ಮಾತಾಡಿಸಿದ್ದರೆ ಅವನು ಉತ್ತರಿಸಬೇಕಾಗುತ್ತಿತ್ತು, ಗೊತ್ತಿಲ್ಲದ ಒಬ್ಬರ ಮುಂದೆ ತನ್ನ ದುಃಖಕ್ಕೆ ಕಾರಣ ಒಪ್ಪಿಸಬೇಕಾಗುತ್ತಿತ್ತು, ಅವರ ಕನಿಕರಕ್ಕೆ ತಕ್ಕ ಕೃತಜ್ಞತೆಯನ್ನೂ ತೋರಿಸಬೇಕಾಗುತ್ತಿತ್ತು. ಇವೆಲ್ಲವೂ ಕೆಲಸಗಳೇ, ಅಳುತ್ತಿರುವವರಿಗೆ ಮಾಡಲಾಗದ ಕೆಲಸಗಳು. ಬೇಕೆನಿಸಿದರೆ ಮಾತಾಡಿಸಬಹುದಾದಷ್ಟು ಹತ್ತಿರದಲ್ಲಿದ್ದು, ಮಾತಾಡಲೇಬೇಕಾದ ಒತ್ತಾಯವನ್ನು ಮಾತ್ರ ಅವರು ಅವನ ಮೇಲೆ ಹೇರಲಿಲ್ಲ. ಸೌಜನ್ಯದ ಬಗ್ಗೆ ನಾನು ಓದಿದ್ದೆಲ್ಲವೂ ಇದರ ಮುಂದೆ ವಿವರಣೆಯಷ್ಟೇ ಎನಿಸುತ್ತದೆ. ಆದರೂ ಆ ವಿವರಣೆ ಉಪಯುಕ್ತವಾದದ್ದು.

ಪೆನೆಲಪಿ ಬ್ರೌನ್ ಮತ್ತು ಸ್ಟೀಫನ್ ಲೆವಿನ್‌ಸನ್ ಎಂಬ ಇಬ್ಬರು ವಿದ್ವಾಂಸರು ತಮಿಳು, ಇಂಗ್ಲಿಷ್ ಮತ್ತು ಮೆಕ್ಸಿಕೋದ ತ್ಸೆಲ್ತಾಲ್ ಎಂಬ ಮಾಯನ್ ಭಾಷೆಯ ಮಾತುಗಳನ್ನು ಅಭ್ಯಾಸ ಮಾಡಿ, ವಿನಯದ ಮಾತಿನ ಕುರಿತು ಒಂದು ಸಿದ್ಧಾಂತವನ್ನು 1978ರಲ್ಲಿ ಮುಂದಿಟ್ಟರು. ಅವರ ಪ್ರಕಾರ ಪ್ರತಿಯೊಬ್ಬರಲ್ಲೂ ಎರಡು ಬಯಕೆಗಳಿವೆ: ಇತರರು ತನ್ನನ್ನು ಮೆಚ್ಚಬೇಕು, ತನ್ನವನೆಂದು ಒಪ್ಪಬೇಕು ಎಂಬುದು ಒಂದು, ತನ್ನ ದಾರಿಗೆ ಯಾರೂ ಅಡ್ಡ ಬರಬಾರದು, ತನ್ನ ಮೇಲೆ ಯಾರೂ ಏನನ್ನೂ ಹೇರಬಾರದು ಎಂಬುದು ಇನ್ನೊಂದು. ಯಾವುದೇ ಕೋರಿಕೆ ಈ ಎರಡನೆಯ ಬಯಕೆಗೆ ಸ್ವಲ್ಪವಾದರೂ ಪೆಟ್ಟು ಕೊಡುತ್ತದೆ. ಇಬ್ಬರ ನಡುವಿನ ಪರಿಚಯದ ದೂರ, ಅಧಿಕಾರದ ಅಂತರ, ಕೇಳುತ್ತಿರುವುದರ ತೂಕ ಇವು ಹೆಚ್ಚಿದಷ್ಟೂ ಮಾತನ್ನು ಸುತ್ತಿ ಬಳಸಿ ಹೇಳಬೇಕಾಗುತ್ತದೆ. ಹಾಗಾಗಿಯೇ ಅಪರಿಚಿತರ ಬಳಿ ನಾವು ಸಹಾಯವನ್ನು ಪ್ರಶ್ನೆಯ ರೂಪದಲ್ಲಿ ಕೇಳುತ್ತೇವೆ. 'ಈ ಪೆಟ್ಟಿಗೆ ಎತ್ತಿಕೊಡಿ' ಎಂಬುದಕ್ಕೆ ಎತ್ತುವುದು ಬಿಟ್ಟರೆ ಬೇರೆ ಉತ್ತರವಿಲ್ಲ. 'ಈ ಪೆಟ್ಟಿಗೆಗೆ ಒಂದು ಕೈ ಹಾಕಲು ಆಗುತ್ತದೆಯೇ?' ಎಂಬ ಮಾತಿನಲ್ಲಿ 'ಬೆನ್ನು ನೋವಿದೆ, ಆಗುವುದಿಲ್ಲ' ಎನ್ನುವವರಿಗೂ ಮರ್ಯಾದೆಯಿಂದ ಪಾರಾಗಲು ದಾರಿ ಇದೆ. ಕೇಳುವುದರಲ್ಲಿನ ಒಳ್ಳೆಯತನವನ್ನು ನಾನು ಅಳೆಯುವುದು ಇದರಿಂದಲೇ. ಇಲ್ಲ ಎನ್ನುವವರು ಸಣ್ಣವರಾಗಬಾರದು. 'ದಯವಿಟ್ಟು' ಎಂಬ ಮಾತು ಸೇರಿಸಿ, ದನಿಯಲ್ಲಿ ಜೇನು ತುಂಬಿಕೊಂಡು, ಹತ್ತು ಜನರ ಎದುರು ನಿರಾಕರಿಸಲಾಗದಂತೆ ಕೇಳುವವರನ್ನು ಸಭ್ಯರೆಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಕೇಳುವುದು ಎಷ್ಟು ಕಷ್ಟವೆಂಬುದನ್ನು ತೋರಿಸುವ ಪ್ರಯೋಗವೊಂದಿದೆ. 1970ರ ದಶಕದ ಆರಂಭದಲ್ಲಿ ಮನೋವಿಜ್ಞಾನಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ ತಮ್ಮ ವಿದ್ಯಾರ್ಥಿಗಳನ್ನು ನ್ಯೂಯಾರ್ಕಿನ ಸುರಂಗ ರೈಲುಗಳಿಗೆ ಕಳುಹಿಸಿ, ಯಾವ ಕಾರಣವನ್ನೂ ಕೊಡದೆ ಕುಳಿತವರ ಬಳಿ ಅವರ ಆಸನ ಕೇಳುವಂತೆ ಹೇಳಿದರು. ಯಾರೂ ಕೊಡಲಾರರು ಎಂಬುದು ಸಾಮಾನ್ಯವಾದ ಊಹೆ. ಆದರೆ ಶೇಕಡಾ 68ರಷ್ಟು ಜನ ಎದ್ದು ನಿಂತರು ಅಥವಾ ಸರಿದು ಜಾಗ ಮಾಡಿಕೊಟ್ಟರು. ಕೇಳಿದ ವಿದ್ಯಾರ್ಥಿಗಳ ಪಾಡು ಇದಕ್ಕಿಂತ ಗಮನಾರ್ಹವಾದದ್ದು. ಅವರಿಗೆ ಕೇಳುವ ಮೊದಲು ವಿಪರೀತ ಸಂಕಟವಾಗುತ್ತಿತ್ತು. ಸ್ವತಃ ಮಿಲ್‌ಗ್ರಾಮ್ ಕೇಳಲು ಹೋದಾಗ ಮಾತು ಗಂಟಲಲ್ಲೇ ಸಿಕ್ಕಿಕೊಂಡಿತು. ಕೊನೆಗೆ ಹೇಗೋ ಕೇಳಿ ಜಾಗ ಸಿಕ್ಕ ಮೇಲೆ, ಆ ಕೋರಿಕೆ ನ್ಯಾಯವಾದದ್ದೆಂದು ತೋರಿಸಿಕೊಳ್ಳಬೇಕೆಂಬ ಒತ್ತಡ ಎಷ್ಟಿತ್ತೆಂದರೆ, ಅವರು ತಲೆ ತಗ್ಗಿಸಿ ಕುಳಿತರು ಮತ್ತು ಅವರಿಗೆ ನಿಜವಾಗಿಯೂ ಮೈ ಸರಿಯಿಲ್ಲವೆನಿಸಿತು. ಜನರಲ್ಲಿ ಕೊಡುವ ಮನಸ್ಸು ನಾವು ಎಣಿಸಿದ್ದಕ್ಕಿಂತ ಹೆಚ್ಚಾಗಿಯೇ ಇದೆ, ಕಷ್ಟವಿರುವುದು ಕೇಳುವವರ ಕಡೆ ಎಂದು ಇದರಿಂದ ನಾನು ತಿಳಿದುಕೊಂಡಿದ್ದೇನೆ. ಆದ್ದರಿಂದ ನಿಜವಾಗಿಯೂ ಅಗತ್ಯವಿರುವವರು ಬಾಯಿಬಿಟ್ಟು ಕೇಳುವ ಮುನ್ನವೇ ಅದನ್ನು ಗ್ರಹಿಸಿ ಎದ್ದುಬಿಡುವವರು ಆಸನದ ಜೊತೆಗೆ ಆ ಸಂಕಟದಿಂದ ಬಿಡುಗಡೆಯನ್ನೂ ಕೊಡುತ್ತಾರೆ. ಕೆಲವರು ಇದನ್ನು ಎಷ್ಟು ನಾಜೂಕಾಗಿ ಮಾಡುತ್ತಾರೆಂದರೆ, ತಮ್ಮ ನಿಲ್ದಾಣ ಬಂತೆಂಬಂತೆ ಎದ್ದು ಬಾಗಿಲ ಬಳಿ ಹೋಗಿ ನಿಂತುಬಿಡುತ್ತಾರೆ. ಕುಳಿತವರಿಗೆ ಯಾರೋ ತನಗಾಗಿ ಎದ್ದರೆಂದು ತಿಳಿಯುವುದೂ ಇಲ್ಲ.

ಸಹಾಯ ಮಾಡುವಾಗಲೂ ಇದೇ ಎಚ್ಚರ ಬೇಕು, ಏಕೆಂದರೆ ಒಳ್ಳೆಯ ಮನಸ್ಸಿನವರೇ ಇಲ್ಲಿ ಹೆಚ್ಚು ಎಡವುತ್ತಾರೆ. ಕಣ್ಣು ಕಾಣದ ಒಬ್ಬರು ರಸ್ತೆಯ ಅಂಚಿನಲ್ಲಿ ಬಿಳಿ ಕೋಲು ಹಿಡಿದು ನಿಂತಿದ್ದರೆ, ಧಾವಿಸಿ ಬಂದು ತೋಳು ಹಿಡಿದು ಎಳೆದೊಯ್ಯುವವರಿದ್ದಾರೆ. ಹಠಾತ್ತನೆ ಯಾರದೋ ಕೈ ಮೈಮೇಲೆ ಬಿದ್ದಾಗ ಆಗುವ ಗಾಬರಿಯನ್ನು ಅವರು ಊಹಿಸಿಕೊಂಡಿರುವುದಿಲ್ಲ; ನಿಂತವರು ದಾಟಲೆಂದೇ ನಿಂತಿದ್ದರೋ ಯಾರಿಗಾದರೂ ಕಾಯುತ್ತಿದ್ದರೋ ಎಂಬುದೂ ಅವರಿಗೆ ಗೊತ್ತಿರುವುದಿಲ್ಲ. ಮೊದಲು ಮಾತಾಡಿಸಬೇಕು, ಸಹಾಯ ಬೇಕೇ ಎಂದು ಕೇಳಬೇಕು. ಬೇಕು ಎಂದರೆ ನಾವು ಅವರ ತೋಳು ಹಿಡಿಯುವ ಬದಲು ಅವರೇ ನಮ್ಮ ಮೊಣಕೈಯ ಮೇಲ್ಭಾಗವನ್ನು ಹಿಡಿದುಕೊಳ್ಳಲು ಬಿಟ್ಟು, ಅರ್ಧ ಹೆಜ್ಜೆ ಮುಂದೆ ನಡೆಯಬೇಕು. ಆಗ ನಮ್ಮ ದೇಹದ ಚಲನೆಯಿಂದಲೇ ತಿರುವು, ಏರು, ತಗ್ಗುಗಳು ಅವರಿಗೆ ತಿಳಿಯುತ್ತವೆ. ಮೆಟ್ಟಿಲು ಬಂದಾಗ ಹತ್ತುವುದೋ ಇಳಿಯುವುದೋ ಎಂದು ಹೇಳಬೇಕು, ಹೊರಡುವಾಗ ಹೊರಡುತ್ತಿದ್ದೇನೆ ಎಂದು ತಿಳಿಸಬೇಕು, ಇಲ್ಲವಾದರೆ ಅವರು ಖಾಲಿ ಗಾಳಿಯೊಂದಿಗೆ ಮಾತಾಡುತ್ತ ಉಳಿಯುತ್ತಾರೆ. ಹಿಡಿದದ್ದು ಅವರ ಕೈಯಾದ್ದರಿಂದ ಬಿಡುವ ಅಧಿಕಾರವೂ ಅವರ ಬಳಿಯೇ ಇರುತ್ತದೆ, ಇಡೀ ವಿಧಾನದ ಸೊಗಸು ಇರುವುದು ಇಲ್ಲಿ. ಗಾಲಿಕುರ್ಚಿಯನ್ನು ಕೇಳದೆ ತಳ್ಳದಿರುವುದು, ಉಗ್ಗುವವರ ವಾಕ್ಯವನ್ನು ನಾವೇ ಪೂರ್ತಿ ಮಾಡದಿರುವುದು ಕೂಡ ಇದೇ ಬಗೆಯವು.

ಇಷ್ಟೆಲ್ಲಕ್ಕೂ ಸಮಯ ಬೇಕು. 1973ರಲ್ಲಿ ಜಾನ್ ಡಾರ್ಲಿ ಮತ್ತು ಡೇನಿಯಲ್ ಬ್ಯಾಟ್ಸನ್ ಎಂಬ ಮನೋವಿಜ್ಞಾನಿಗಳು ಪ್ರಿನ್ಸ್‌ಟನ್ನಿನ ದೇವಶಾಸ್ತ್ರ ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗದ ವರದಿಯನ್ನು ಪ್ರಕಟಿಸಿದರು. ಒಂದು ಕಟ್ಟಡದಿಂದ ಇನ್ನೊಂದಕ್ಕೆ ಭಾಷಣ ಮಾಡಲು ಹೊರಟ ವಿದ್ಯಾರ್ಥಿಗಳ ದಾರಿಯಲ್ಲಿ ಒಬ್ಬ ವ್ಯಕ್ತಿ ಕುಸಿದು ಕೂತು ಕೆಮ್ಮುತ್ತ ನರಳುತ್ತಿದ್ದ. ಅವಸರವಿಲ್ಲದವರಲ್ಲಿ ಶೇಕಡಾ 63ರಷ್ಟು ಮಂದಿ ಒಂದಲ್ಲ ಒಂದು ರೀತಿಯಲ್ಲಿ ನೆರವಾದರು. ತಡವಾಗಿದೆ, ಬೇಗ ಹೋಗು ಎಂದು ಹೇಳಿಸಿಕೊಂಡವರಲ್ಲಿ ನೆರವಾದವರು ಶೇಕಡಾ 10 ಮಾತ್ರ. ಅವರಲ್ಲಿ ಕೆಲವರು ಮಾತಾಡಲು ಹೊರಟಿದ್ದ ವಿಷಯವೇ ದಾರಿಯಲ್ಲಿ ಬಿದ್ದ ಅಪರಿಚಿತನಿಗೆ ನೆರವಾದ ಸಮಾರಿಯದವನ ಕುರಿತು ಬೈಬಲಿನಲ್ಲಿ ಬರುವ ದೃಷ್ಟಾಂತ ಕಥೆ. ಇದನ್ನು ಓದಿದಾಗ ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವಸರದಲ್ಲಿರುವವರ ಕಣ್ಣಿಗೆ ಮನುಷ್ಯರು ದಾರಿಗೆ ಅಡ್ಡವಾದ ವಸ್ತುಗಳಂತೆ ಕಾಣುತ್ತಾರೆ, ಕೆಟ್ಟವರಲ್ಲದವರಿಗೂ ಹಾಗೆಯೇ ಕಾಣುತ್ತಾರೆ. ಊರಿನ ಜನ ಒರಟರಾಗುತ್ತಿದ್ದಾರೆ ಎಂದು ಬೇಸರ ಪಡುವಾಗ, ಅವರನ್ನು ಇಡೀ ದಿನ ಓಡಿಸುತ್ತಿರುವ ವೇಳಾಪಟ್ಟಿಗಳ ಕಡೆಗೂ ನೋಡಬೇಕೆಂದು ನನ್ನ ಅಭಿಪ್ರಾಯ.

ಸಂಬಳದ ಭಾಗವಾಗಿ ಬರುವ ಸೌಜನ್ಯದ ವಿಷಯ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುತ್ತದೆ. ಕೌಂಟರಿನ ಹಿಂದೆ ನಿಂತವರು, ದೂರವಾಣಿಯಲ್ಲಿ ದೂರು ಕೇಳಿಸಿಕೊಳ್ಳುವವರು, ವಿಮಾನದ ಪರಿಚಾರಕರು ದಿನವಿಡೀ ನಗಬೇಕು, ಬೈಸಿಕೊಂಡರೂ ನಗಬೇಕು. ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ 1983ರಲ್ಲಿ ವಿಮಾನ ಪರಿಚಾರಕಿಯರ ಬದುಕನ್ನು ಅಭ್ಯಾಸ ಮಾಡಿ, ಭಾವನೆಯನ್ನು ಅದುಮಿಟ್ಟು ಬೇರೊಂದನ್ನು ತೋರಿಸುವುದೂ ಮೈಮುರಿದು ದುಡಿಯುವಷ್ಟೇ ನಿಜವಾದ ದುಡಿಮೆ ಎಂದು ತೋರಿಸಿಕೊಟ್ಟರು. ಇಲ್ಲಿ ಒಂದು ಕಡೆಯವರಿಗೆ ಸೌಜನ್ಯ ಕಡ್ಡಾಯ, ಇನ್ನೊಂದು ಕಡೆಯವರಿಗೆ ಐಚ್ಛಿಕ. ಆದ್ದರಿಂದ ನಿಜವಾದ ಪರೀಕ್ಷೆ ಐಚ್ಛಿಕವಾಗಿರುವ ನಮ್ಮ ಕಡೆಯೇ ನಡೆಯುತ್ತದೆ. ಮೇಲಧಿಕಾರಿಯ ಎದುರು ಕೈಕಟ್ಟಿ ನಿಲ್ಲುವುದರಲ್ಲಿ ಸೌಜನ್ಯವಿದೆಯೋ ಭಯವಿದೆಯೋ ಹೇಳಲಾಗದು, ಆದರೆ ರಸೀದಿ ಬರೆದುಕೊಡುವವರ ಮುಂದೆ ಮೊಬೈಲಿನಲ್ಲಿ ಮಾತಾಡುತ್ತಲೇ ಕೈಚಾಚುವವರ ಬಗ್ಗೆ ಖಚಿತವಾಗಿ ಹೇಳಬಹುದು. ಮಾತು ನಿಲ್ಲಿಸಿ, ಫೋನು ಕೆಳಗಿಟ್ಟು, ಎದುರಿಗಿರುವವರ ಮುಖ ನೋಡಿ ಬೇಕಾದ್ದನ್ನು ಕೇಳುವುದಕ್ಕೆ ಅರ್ಧ ನಿಮಿಷವೂ ಹಿಡಿಯುವುದಿಲ್ಲ. ಹಾಗೆಯೇ, ಅವರು ನಗದೆ ಇದ್ದರೆ ಅದನ್ನು ದೂರಾಗಿ ಎತ್ತಿಕೊಳ್ಳುವ ಹಕ್ಕು ನಮಗಿದೆ ಎಂದು ನಾನು ಒಪ್ಪುವುದಿಲ್ಲ. ನಮಗೆ ಬೇಕಾದ ಕೆಲಸ ಸರಿಯಾಗಿ ಆಗಬೇಕು, ಅವರ ಮುಖ ಅವರದು.

ಇದೇ ಮಾತು ಬೀದಿಯಲ್ಲಿ, ಬಸ್ಸಿನಲ್ಲಿ, ರೈಲಿನಲ್ಲಿ ಒಂಟಿಯಾಗಿ ಓಡಾಡುವ ಹೆಂಗಸರಿಗೆ ಇನ್ನೂ ಹೆಚ್ಚು ಅನ್ವಯಿಸುತ್ತದೆ. ಅಪರಿಚಿತರ ನಗುವಿಗೆ ಒಮ್ಮೆ ನಕ್ಕದ್ದೇ ಮುಂದಿನ ಅರ್ಧ ಗಂಟೆಯ ಪೀಡೆಗೆ ಕಾರಣವಾದ ಅನುಭವ ಎಷ್ಟೋ ಹೆಂಗಸರಿಗೆ ಇದೆ. ಅಂಥವರು ಮುಖ ಬಿಗಿದುಕೊಂಡು ಕಿಟಕಿಯಾಚೆ ನೋಡುತ್ತ ಕುಳಿತರೆ ಅದನ್ನು ಅಹಂಕಾರವೆನ್ನುವುದು ಅನ್ಯಾಯ. ಸೌಜನ್ಯವನ್ನು ಕೊಡಬಹುದು, ಬಾಕಿ ವಸೂಲು ಮಾಡುವಂತೆ ಕೇಳಿ ಪಡೆಯುವಂತಿಲ್ಲ. ನಿಕೋಲಸ್ ಎಪ್ಲಿ ಮತ್ತು ಜೂಲಿಯಾನಾ ಶ್ರೋಡರ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶಿಕಾಗೋದ ಪ್ರಯಾಣಿಕರು ಪಕ್ಕದ ಅಪರಿಚಿತರೊಡನೆ ಮಾತಾಡುವುದು ಬೇಸರದ ಕೆಲಸವೆಂದು ಊಹಿಸಿದ್ದರು, ಮಾತಾಡಿದವರ ಪ್ರಯಾಣ ಮಾತ್ರ ಸುಮ್ಮನೆ ಕೂತವರಿಗಿಂತ ಹಿತವಾಗಿತ್ತು. ಈ ಫಲಿತಾಂಶ ನನಗೂ ಸಂತೋಷ ಕೊಡುತ್ತದೆ, ನನ್ನ ಅನುಭವಕ್ಕೂ ಹೊಂದುತ್ತದೆ. ಆದರೆ ಮಾತು ಆರಂಭಿಸಿದವರ ಮೇಲೆ ಅದನ್ನು ಬೇಗನೆ ಮುಗಿಸಲು ಅವಕಾಶ ಕೊಡುವ ಹೊಣೆಯೂ ಇದೆ. ಉತ್ತರ ಒಂದೇ ಪದದಲ್ಲಿ ಬಂದು ಕಣ್ಣು ಮತ್ತೆ ಪುಸ್ತಕಕ್ಕೆ ಹಿಂತಿರುಗಿದರೆ, ಎರಡನೆಯ ಪ್ರಶ್ನೆಯನ್ನು ನುಂಗಿಕೊಳ್ಳಬೇಕು, ಮತ್ತು ಆಮೇಲೆ ಮುಖ ಸಣ್ಣದು ಮಾಡಿಕೊಂಡು ಕೂರಬಾರದು.

ಧನ್ಯವಾದ ಹೇಳುವುದರ ಬಗ್ಗೆ ಒಂದು ವಿಷಯ ನನಗೆ ಬಹಳ ಇಷ್ಟವಾಯಿತು. ಬೇರೆ ಬೇರೆ ಖಂಡಗಳ ಎಂಟು ಭಾಷೆಗಳಲ್ಲಿ ಮನೆಯವರ, ಗೆಳೆಯರ, ನೆರೆಹೊರೆಯವರ ದೈನಂದಿನ ಮಾತುಕತೆಯನ್ನು ಚಿತ್ರೀಕರಿಸಿ ನಡೆಸಿದ ಸಂಶೋಧನೆಯೊಂದು 2018ರಲ್ಲಿ ಪ್ರಕಟವಾಯಿತು. ಕೇಳಿದ್ದನ್ನು ಎತ್ತಿಕೊಟ್ಟವರಿಗೆ, ಹೇಳಿದ ಸಣ್ಣ ಕೆಲಸ ಮಾಡಿಕೊಟ್ಟವರಿಗೆ ಜನ ಬಾಯಿಬಿಟ್ಟು ಧನ್ಯವಾದ ಹೇಳುವುದು ತೀರಾ ಅಪರೂಪವೆಂದು ಅದರಲ್ಲಿ ಕಂಡುಬಂತು. ಇದನ್ನು ಕೃತಘ್ನತೆಯೆಂದು ಓದಬೇಕಾಗಿಲ್ಲ. ಒಟ್ಟಿಗೆ ಬಾಳುವವರ ನಡುವೆ ಕೊಡುಕೊಳ್ಳುವಿಕೆ ನಿರಂತರವಾಗಿ ಸಾಗುತ್ತಿರುತ್ತದೆ, ಇಂದಿನದಕ್ಕೆ ನಾಳೆ ಉತ್ತರ ಸಲ್ಲುತ್ತದೆ. ಅಪರಿಚಿತರಿಗೆ ಆ ನಾಳೆ ಇಲ್ಲವಾದ್ದರಿಂದ ಆ ಒಂದು ಮಾತಿನಲ್ಲೇ ಎಲ್ಲವೂ ಸಂದಾಯವಾಗಬೇಕು. ಹಾಗೆ ನೋಡಿದರೆ ಮನೆಯೊಳಗಿಗಿಂತ ಬೀದಿಯಲ್ಲೇ ಆ ಮಾತು ಹೆಚ್ಚು ಅರ್ಥಪೂರ್ಣ. ಅದನ್ನು ಸ್ಪಷ್ಟವಾಗಿ, ಕೇಳಿಸುವಂತೆ, ಮುಖ ನೋಡಿ ಹೇಳಬೇಕು, ಮತ್ತು ಒಂದೇ ಸಲ ಹೇಳಬೇಕು. ಮೂರು ನಾಲ್ಕು ಸಲ ಕೈಮುಗಿದರೆ ಕೊಟ್ಟವರಿಗೇ ಮುಜುಗರವಾಗುತ್ತದೆ.

ಪಡೆಯುವವರ ಪಾತ್ರ ಕೊಡುವವರದಕ್ಕಿಂತ ಕಷ್ಟದ್ದು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಹುಡುಗನೊಬ್ಬ ಎದ್ದು ಆಸನ ತೋರಿಸಿದಾಗ, ಇನ್ನೂ ಅಷ್ಟು ವಯಸ್ಸಾಗಿಲ್ಲ ಎಂದು ನೊಂದುಕೊಂಡು ಬೇಡವೆನ್ನುವ ಹಿರಿಯರನ್ನು ನಾವೆಲ್ಲ ನೋಡಿದ್ದೇವೆ. ಅವರ ನೋವು ಸುಳ್ಳಲ್ಲ. ತನ್ನ ಕಣ್ಣಿಗೆ ಇನ್ನೂ ಕಾಣದ ಮುಪ್ಪು ಬೇರೆಯವರ ಕಣ್ಣಿಗೆ ಮೊದಲು ಕಂಡದ್ದು ಯಾರಿಗಾದರೂ ಚುಚ್ಚುವಂಥದೇ. ಆದರೆ ಎದ್ದ ಹುಡುಗನ ಸ್ಥಿತಿಯೂ ಸುಲಭವಲ್ಲ. ಮತ್ತೆ ಕುಳಿತರೆ ಎದ್ದದ್ದು ತೋರಿಕೆಗೆಂದು ಜನ ತಿಳಿದಾರು, ಕೂರದಿದ್ದರೆ ಆ ಜಾಗ ಖಾಲಿಯೇ ಉಳಿಯುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮುಂದಿನ ಸಲ ಏಳುವ ಮೊದಲು ಅವನು ಹಿಂಜರಿಯುತ್ತಾನೆ. ಕಾಲಿನಲ್ಲಿ ಶಕ್ತಿ ಇದ್ದರೂ ಇಂಥ ಸಮಯದಲ್ಲಿ ಕುಳಿತುಬಿಡುವುದು ಒಳ್ಳೆಯದು. ಕೂರಲು ನಿಜವಾಗಿಯೂ ಇಷ್ಟವಿಲ್ಲದಿದ್ದರೆ, 'ಮುಂದಿನ ನಿಲ್ದಾಣದಲ್ಲೇ ಇಳಿಯುತ್ತೇನೆ, ನೀನು ಕೂತುಕೋ ಮಗೂ' ಎಂದು, ಅವನು ಎದ್ದದ್ದು ಸರಿಯಾಗಿತ್ತೆಂದು ಸುತ್ತಲಿನವರಿಗೂ ತಿಳಿಯುವಂತೆ ಹೇಳಬೇಕು. ಹೇಳಿದ ಮೇಲೆ ಮುಂದಿನ ನಿಲ್ದಾಣ ಬಂದಾಗ ಬೇರೆ ಬಾಗಿಲಿನ ಕಡೆಗಾದರೂ ಸರಿದು ನಿಲ್ಲಬೇಕು.